ಸರ್ವನಾಮದ ಮೇಡಂ

ಅರಬ್ಬೀ ವಿಭಾಗದ ಹುಡುಗಿಯರು ಅವರಿಗೆ ಇಟ್ಟ ಹೆಸರು 'ಸರ್ವನಾಮದ ಮೇಡಂ'. ಅವರ ಕಿವಿಗೂ ಅದು ಬಿದ್ದಿತ್ತು, ಬೇಜಾರೇನೂ ಇರಲಿಲ್ಲ. ಹದಿನಾಲ್ಕು ವರ್ಷ ಅವರು ತಲೆಕೆಡಿಸಿಕೊಂಡಿದ್ದು ಕುರ್‌ಆನಿನ ಭಾಷೆಯ ಒಂದೇ ಸಂಗತಿಯ ಬಗ್ಗೆ: 'ಅವನು' ಎಂದು ಸಾಗುತ್ತಿದ್ದ ಮಾತು ಥಟ್ಟನೆ 'ನೀನು' ಎಂದು ಏಕೆ ಹೊರಳುತ್ತದೆ? ಅರಬ್ಬೀ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ 'ಇಲ್ತಿಫಾತ್' ಎಂದು ಹೆಸರು; ಅಂದರೆ ಒಬ್ಬರತ್ತ ಮುಖ ತಿರುಗಿಸುವುದು.

ಮೇಡಂ ಅವರ ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವರು. ಯಾರೋ ಕೊಟ್ಟು ಮರೆತುಹೋದ ಹಳೆಯ ಅರಬ್ಬೀ ವ್ಯಾಕರಣವೊಂದು ಅಂಗಡಿಯಲ್ಲೇ ಉಳಿದಿತ್ತು. ಮಗಳು ಅಂಟಿನ ವಾಸನೆಯ ನಡುವೆ ಕೂತು ಅದರಲ್ಲೇ ಅಕ್ಷರ ತಿದ್ದಿದಳು. ಮುಂದೆ ಅರಬ್ಬೀಯನ್ನೇ ಓದಿ ಎಂ.ಎ. ಮಾಡಿದಳು, ಅದೇ ವಿಭಾಗದಲ್ಲಿ ಹಂಗಾಮಿ ಉಪನ್ಯಾಸಕಿಯಾದಳು. ಮೆಟ್ಟಿಲ ಕೆಳಗಿನ ಕೋಣೆ ಸಿಕ್ಕಿತು. ಮೇಲೆ ಯಾರಾದರೂ ಓಡಿದರೆ ಮೇಜಿನ ಮೇಲೆ ಸುಣ್ಣ ಉದುರುತ್ತಿತ್ತು.

ಸಂಶೋಧನೆಯ ವಿಷಯ ಕೇಳಿ ವಿಭಾಗದ ಮುಖ್ಯಸ್ಥರು ನಕ್ಕಿದ್ದರು. "ಸಾವಿರ ವರ್ಷದಿಂದ ಪಂಡಿತರು ಇದನ್ನೇ ಜಾಲಾಡಿದ್ದಾರೆ ಕಣಮ್ಮ. ನೀನೇನು ಹೊಸದಾಗಿ ಕಡಿದು ಕಟ್ಟೆ ಹಾಕ್ತೀಯಾ?"

ಆಕೆ ಆವತ್ತೇ ಕೆಲಸ ಶುರುಮಾಡಿದರು. ಇಲ್ತಿಫಾತ್ ಬರುವ ಒಂದೊಂದು ಸಾಲನ್ನೂ ಚೀಟಿಯಲ್ಲಿ ಬರೆದು, ಹಿಂದಿನ ಸಾಲು, ಮುಂದಿನ ಸಾಲು, ಅಲ್ಲಿ ಕೇಳುತ್ತಿರುವವರು ಯಾರು ಎಂದು ಗುರುತು ಹಾಕಿದರು. ಚೀಟಿಗಳಿಂದ ಒಂಬತ್ತು ಬೂಟಿನ ಡಬ್ಬಿ ತುಂಬಿತು. ಕೂದಲೂ ನೆರೆಯಿತು.

ಕೊನೆಗೂ ಮೌಖಿಕ ಪರೀಕ್ಷೆಯ ದಿನ ಬಂತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅರಬ್ಬೀ ಮನೆಮಾತಿನವರು, ಕನ್ನಡವನ್ನೂ ಚೆನ್ನಾಗಿ ಬಲ್ಲವರು, ವಯಸ್ಸಾದವರು. ಐನೂರು ಪುಟದ ಪ್ರಬಂಧವನ್ನು ಪಕ್ಕಕ್ಕೆ ಸರಿಸಿ, "ಇದರಲ್ಲಿರೋದನ್ನ ಭಾಷಾಶಾಸ್ತ್ರ ಗೊತ್ತಿಲ್ಲದವರಿಗೂ ಅರ್ಥ ಆಗೋ ಹಾಗೆ ಹೇಳಿ, ನೋಡೋಣ" ಎಂದರು.

ಆಕೆ ಒಮ್ಮೆ ಹಿಂದೆ ತಿರುಗಿ ನೋಡಿದರು. ಹಿಂದಿನ ಸಾಲಿನಲ್ಲಿ ಅಮ್ಮ ಸೆರಗು ಸರಿಮಾಡಿಕೊಳ್ಳುತ್ತಾ ಕೂತಿದ್ದರು.

"ನಾನು ಚಿಕ್ಕವಳಿದ್ದಾಗ ಬೆಳಿಗ್ಗೆ ಏಳ್ತಾನೇ ಇರಲಿಲ್ಲ ಸರ್. ಅಮ್ಮ ಅಪ್ಪನ ಹತ್ತಿರ, 'ನೋಡ್ರೀ, ಇವಳಿನ್ನೂ ಎದ್ದಿಲ್ಲ, ಇವಳಿಗೆ ಯಾವಾಗ ಬುದ್ಧಿ ಬರುತ್ತೋ' ಅಂತಿದ್ಲು. ನಾನು ಹಾಯಾಗಿ ಹೊದ್ಕೊಂಡು ಕೇಳ್ತಿದ್ದೆ. ಇದ್ದಕ್ಕಿದ್ದ ಹಾಗೆ, 'ಏನೇ, ನಿನಗೇ ಹೇಳ್ತಿರೋದು!' ಅಂತಿದ್ಲು. ಅಷ್ಟೇ, ಎದ್ದು ನಿಂತಿರ್ತಿದ್ದೆ."

"ಅಯ್ಯೋ, ಮಾನ ಕಳೆದ್ಲು!" ಎಂದರು ಅಮ್ಮ ಹಿಂದಿನಿಂದ. ಸಭಾಂಗಣ ಗೊಳ್ಳೆಂದಿತು.

"ಆ ಗ್ರಂಥಕ್ಕೂ ಅಮ್ಮನ ಬೈಗುಳಕ್ಕೂ ಹೋಲಿಕೆ ಮಾಡ್ತಿಲ್ಲ ಸರ್. ಕೇಳೋರಿಗೆ ಏನಾಗುತ್ತೆ ಅನ್ನೋದಷ್ಟೇ ನನ್ನ ಮಾತು. ಮೊದಲ ಅಧ್ಯಾಯದಲ್ಲಿ ದೇವರ ಬಗ್ಗೆ ಹೊಗಳಿಕೆ ಬರುತ್ತೆ. ಆಮೇಲೆ 'ನಿನ್ನನ್ನೇ ಆರಾಧಿಸುತ್ತೇವೆ' ಅನ್ನುತ್ತೆ. ಅಲ್ಲೀವರೆಗೂ ದೂರ ನಿಂತು ಹೊಗಳ್ತಿದ್ದೋನು ಈಗ ಎದುರಿಗೇ ಬಂದಿರ್ತಾನೆ. ತಿರುಗಿದ್ದು ಬರೀ ಮಾತಲ್ಲ, ಮನುಷ್ಯ."

ಮುದುಕರು ಕನ್ನಡಕ ತೆಗೆದರು.

"ಈ ಸಾಲನ್ನ ಎಪ್ಪತ್ತು ವರ್ಷದಿಂದ ದಿನಾ ನಮಾಜಿನಲ್ಲಿ ಹೇಳ್ತಿದ್ದೀನಿ," ಎಂದರು. "ಇವತ್ತು ಕೇಳಿಸ್ಕೊಂಡೆ." ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೊದಲು ಅವರೊಬ್ಬರೇ, ಆಮೇಲೆ ಇಡೀ ಸಭಾಂಗಣ. ನಕ್ಕಿದ್ದ ಮುಖ್ಯಸ್ಥರ ಚಪ್ಪಾಳೆಯೇ ಎಲ್ಲರಿಗಿಂತ ಜೋರಾಗಿತ್ತು ಎಂದು ಅಮ್ಮ ಇವತ್ತಿಗೂ ಹೇಳುತ್ತಾರೆ.

ಮರುವರ್ಷ ಕೆಲಸ ಕಾಯಂ ಆಯಿತು. ಪ್ರಬಂಧ ಪುಸ್ತಕವಾಗಿ ನಾಲ್ಕು ಭಾಷೆಗಳಿಗೆ ಹೋಯಿತು. ಈಗ ಮೇಡಂ ಮಹಡಿಯ ದೊಡ್ಡ ಕೊಠಡಿಯಲ್ಲಿ ಪಾಠ ಮಾಡುತ್ತಾರೆ. ಕುರ್ಚಿ ಸಾಲದೆ ಕಿಟಕಿಯ ಕಟ್ಟೆಯ ಮೇಲೂ ವಿದ್ಯಾರ್ಥಿಗಳು ಕೂತಿರುತ್ತಾರೆ.