ಹೂಂ ಅಂದಮಾತ್ರಕ್ಕೆ

ನಮ್ಮಕ್ಕ ವಿಶ್ವವಿದ್ಯಾಲಯದಲ್ಲಿ ಇಸ್ಲಾಂ ಅಧ್ಯಯನದ ಪಾಠ ಹೇಳುತ್ತಿದ್ದಳು. ಮಾನವಶಾಸ್ತ್ರ ಓದಿದವಳಾದ್ದರಿಂದ ಜನರ ಮಾತು ಕೇಳಲು ಚೀಲ ಹೊತ್ತು ಮನೆಮನೆ ಅಲೆಯುತ್ತಿದ್ದಳು. ಉಳಿದ ಹೊತ್ತಿನಲ್ಲಿ ಬೇರೆ ಬೇರೆ ಧರ್ಮದವರನ್ನು ಒಂದೇ ಮೇಜಿನ ಸುತ್ತ ಕೂರಿಸುತ್ತಿದ್ದಳು. "ಸ್ವಂತ ಅಣ್ಣನ ಹತ್ರ ಮಾತು ಬಿಟ್ಟು ಎರಡು ವರ್ಷ ಆಯ್ತು, ಇವಳು ಧರ್ಮಗಳನ್ನ ಮಾತಾಡಿಸ್ತಾಳಂತೆ" ಎಂದು ಅಮ್ಮ ಆಡಿಕೊಳ್ಳುತ್ತಿದ್ದರು. ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮೂವತ್ತು ದಾಟಿದ ಮೇಲೆ ಅರಬ್ಬಿ ಅಕ್ಷರ ತಿದ್ದಲು ಕೂತವಳು, ಹಿಡಿದ ಪಟ್ಟು ಬಿಡುವ ಪೈಕಿಯಲ್ಲ.

ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ವರ್ಷದೊಳಗೆ ಪುಸ್ತಕ ಅಚ್ಚಾದರೆ ಕಾಯಂ, ಇಲ್ಲದಿದ್ದರೆ ಮನೆ. ಮಸೀದಿ, ಚರ್ಚುಗಳ ಹಿರಿಯರ ಜೊತೆ ಅವಳು ಆಡಿದ ಮಾತುಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡಿದವಳು ನಾನು. ಯಾರಾದರೂ "ಹೂಂ" ಎಂದಲ್ಲೆಲ್ಲ "ಹೌದು" ಎಂದು ಹೊಡೆದೆ. ಹೂಂ ಎಂದರೆ ಹೌದು ತಾನೇ? ನನ್ನ ಬುದ್ಧಿ ಓಡಿದ್ದು ಅಷ್ಟೇ.

ಹಸ್ತಪ್ರತಿ ಅಚ್ಚಿನಮನೆಗೆ ಹೋಯಿತು. ಅದರ ಇನ್ನೊಂದು ಪ್ರತಿಯನ್ನು ಅಕ್ಕ ಮೊದಲು ಓದಲು ಕೊಟ್ಟಿದ್ದು ಮಸೀದಿಯಲ್ಲಿ ಮಕ್ಕಳಿಗೆ ಓದು ಕಲಿಸುವ ಮುದಿ ಮೇಷ್ಟ್ರಿಗೆ. ನಾವು ಹೋದಾಗ ಅವರು ಒಂದು ಸಾಲಿನ ಕೆಳಗೆ ಪೆನ್ಸಿಲಿನಿಂದ ಗೀಟು ಎಳೆದು ಕಾಯುತ್ತಿದ್ದರು.

"ನಿಮ್ಮ ಉಪವಾಸ, ಚರ್ಚಿನವರ ಉಪವಾಸ ಎರಡೂ ಒಂದೇ ಅಲ್ವಾ ಅಂತ ನೀನು ಕೇಳ್ದೆ. ನಾನು ಹೌದು ಅಂದ್ನಂತೆ. ಯಾವಾಗ ಅಂದೆ ತಾಯಿ?"

"ಹೂಂ ಅಂದ್ರಲ್ಲ ಮೇಷ್ಟ್ರೇ."

"ನಿನ್ನ ಮಾತು ಮುಗೀಲಿ ಅಂತ ಹೂಂ ಅಂದೆ. ಆಮೇಲೆ ನನ್ನ ಮಾತು ನೀನು ಕೇಳ್ಲೇ ಇಲ್ಲ, ಮುಂದಿನ ಪ್ರಶ್ನೆಗೆ ಹೋಗ್ಬಿಟ್ಟೆ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಹೊರಗೆ ಬಂದು, ತಪ್ಪು ನನ್ನದು ಎಂದೆ.

"ಬೆರಳು ನಿಂದು, ನಿಜ. ಎದುರಿಗೆ ಕೂತಿದ್ದವಳು ನಾನಲ್ವೇನೇ?" ಎಂದಳು.

ಮೂರು ದಿನ ಇಬ್ಬರೂ ಧ್ವನಿಮುದ್ರಣಗಳನ್ನೆಲ್ಲ ಮತ್ತೆ ಕೇಳಿದೆವು. ಎಲ್ಲ ಧರ್ಮಗಳೂ ಒಪ್ಪಿವೆ ಎಂದು ಅಕ್ಕ ಬರೆದಿದ್ದ ಅಧ್ಯಾಯದಲ್ಲಿ ಬಹುಪಾಲು ಬರೀ ಹೂಂಗಳೇ. ಪುಸ್ತಕ ನಿಂತಿದ್ದೇ ಅದರ ಮೇಲೆ. ಹೇಗಿದೆಯೋ ಹಾಗೇ ಬಿಡು ಎಂದು ನಾನು ಗೋಗರೆದೆ.

"ಅವರ ಬಾಯಿಗೆ ನನ್ನ ಮಾತು ತುರುಕಿ, ಅದಕ್ಕೆ ಸಂವಾದ ಅಂತ ಹೆಸರಿಡ್ಲಾ?" ಎಂದು ಸಿಡುಕಿದವಳೇ ಅಚ್ಚಿನಮನೆಯಿಂದ ಹಸ್ತಪ್ರತಿಯನ್ನು ವಾಪಸ್ ತಂದಳು.

ಮರುದಿನ ವಿಭಾಗದ ಮುಖ್ಯಸ್ಥರು ಕರೆಸಿದರು. ಹಸ್ತಪ್ರತಿಯ ಕಟ್ಟು ಹೊತ್ತು ನಾನೂ ಹೋದೆ. ಒಳ್ಳೆಯ ಮನುಷ್ಯ, ಅಕ್ಕನ ಕೆಲಸ ಉಳಿಯಲಿ ಎಂದೇ ಅವರ ಆಸೆ.

"ಪುಸ್ತಕ ಇಲ್ಲ ಅಂದ್ರೆ ಕೆಲಸಾನೂ ಇಲ್ಲ. ಒಂದು ಹೂಂಗೆ ಯಾರಮ್ಮ ತಲೆ ಕೆಡಿಸ್ಕೋತಾರೆ? ನಾಳೇನೇ ಅಚ್ಚಿಗೆ ಕಳ್ಸಿ. ಆಯ್ತಾ?"

ಅಕ್ಕ "ಹೂಂ" ಎಂದಳು.

ಅವರ ಮುಖ ಅರಳಿತು. "ಒಪ್ಕೊಂಡ್ರಲ್ಲ, ಸದ್ಯ!"

"ಇಲ್ಲ ಸಾರ್. ಕೇಳಿಸ್ಕೊಂಡೆ ಅಷ್ಟೇ."

ಕೆಲಸ ಹೋಯಿತು. ನೆನೆದರೆ ಇಂದಿಗೂ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಅಕ್ಕ ಅಂದೇ ಸಂಜೆ ಮೇಷ್ಟ್ರ ಮುಂದೆ ಕೂತು, ಉಪವಾಸದ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ, ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ಎರಡು ಗಂಟೆ ಮಾತಾಡಿದರು. ಅವಳು ನಡುನಡುವೆ ಹೂಂಗುಟ್ಟಿದಳು. ನಾನು ಅದನ್ನು ಹೂಂ ಎಂದೇ ಟೈಪ್ ಮಾಡಿದೆ.