ಅಪ್ಪನಿಗೊಂದು ಎಲೆ

ದೊಡ್ಡಮ್ಮನ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಓಲೆಯ ತೂತು ಹರಿದು, ಎರಡು ತುದಿಗಳೂ ಬೇರೆ ಬೇರೆಯಾಗಿ ಜೋಲುತ್ತಿದ್ದವು. ಅವರು ತಲೆ ಕೊಡವಿ ಯಾರನ್ನಾದರೂ ಬೈಯುವಾಗ ಅವೂ ಅಲ್ಲಾಡುತ್ತಿದ್ದವು. ಅವರ ಜಗಲಿಯಲ್ಲಿದ್ದ ಮುದುಕರೊಬ್ಬರಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲವಂತೆ. ಒಂದು ದಿನ ಸ್ನಾನ ಮಾಡಿಸುತ್ತಿದ್ದಾಗ ಅವರು ದೊಡ್ಡಮ್ಮನ ಓಲೆ ಹಿಡಿದು ಜಗ್ಗಿದರು, ಓಲೆ ಕೈಗೇ ಬಂತು. ದೊಡ್ಡಮ್ಮ ಕಿವಿಗೆ ಬಟ್ಟೆ ಒತ್ತಿಕೊಂಡು, ಹಂಡೆಯಲ್ಲಿ ಉಳಿದ ನೀರನ್ನೂ ಅವರ ತಲೆಗೆ ಹೊಯ್ದು, ಮೈ ಒರೆಸಿ ಕೂರಿಸಿ, ಆಮೇಲೆ ಆಸ್ಪತ್ರೆಗೆ ಹೋದರಂತೆ. ಮತ್ತೆಂದೂ ಕಿವಿಗೆ ಏನನ್ನೂ ಹಾಕಲಿಲ್ಲ. ನಾನು ಕೇಳಿದಾಗ, "ಅವರಿಗೆ ಎಂತ ಗೊತ್ತುಂಟು ಮಾರಾಯ್ತಿ, ಬಾವಿಯ ಹಗ್ಗ ಅಂತ ಎಣಿಸಿರ್ಬೇಕು," ಎಂದು ನಕ್ಕಿದ್ದರು.

ಸಂಬಂಧ ಹಿಡಿದು ನೋಡಿದರೆ ಅವರು ನನಗೆ ಏನೂ ಆಗಬೇಕಾದವರಲ್ಲ. ಅತ್ತಾವರದಲ್ಲಿ ಎಲ್ಲರ ಬಾಯಲ್ಲೂ ಅವರು ಗಂಜಿ ದೊಡ್ಡಮ್ಮ. ಅವರ ಗಂಡ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದವರು. ಅವರು ತೀರಿಕೊಂಡ ವರ್ಷ, ಜೊತೆಯಲ್ಲಿ ದುಡಿದಿದ್ದ ಮುದುಕರೊಬ್ಬರು ಮಳೆಗೆಂದು ಈ ಜಗಲಿ ಹತ್ತಿ ನಿಂತರಂತೆ. ಮಳೆ ಬಿಟ್ಟಿತು, ಮುದುಕರು ಹೋಗಲಿಲ್ಲ. ದೊಡ್ಡಮ್ಮ ಒಂದು ಚಾಪೆ ಕೊಟ್ಟರು. ಆ ಚಾಪೆಯ ಪಕ್ಕಕ್ಕೆ ಇನ್ನೊಂದು ಬಂತು. ನಾನು ಕಂಡ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಆ ಉದ್ದ ಜಗಲಿಯಲ್ಲಿ ಯಾವಾಗಲೂ ಐದಾರು ಮುದುಕರು ಇರುತ್ತಿದ್ದರು. ಆಸ್ಪತ್ರೆಯ ಹಾಸಿಗೆ ಬಿಟ್ಟು ಏಳಬೇಕಾದ, ಎದ್ದರೆ ಹೋಗಲು ಜಾಗವಿಲ್ಲದ ಮುದುಕರಿಗೆ ಅಲ್ಲಿನ ಕಂಪೌಂಡರನೇ ಆ ಮನೆಯ ದಾರಿ ತೋರಿಸುತ್ತಿದ್ದ. ಬೀದಿಯ ಹೆಂಗಸರು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಮುಷ್ಟಿ ತೆಗೆದು ಬೇರೆ ಮಡಕೆಗೆ ಹಾಕಿಡುತ್ತಿದ್ದರು. ದೊಡ್ಡಮ್ಮ ಮನೆ ಮನೆಗೆ ಹೋಗಿ ಅದನ್ನು ತರುತ್ತಿದ್ದರು. ಅಕ್ಕಿ ರೇಷನ್ನಿಗೆ ಬಂದ ಮೇಲೆ ಆ ಮುಷ್ಟಿಗಳು ಚಿಕ್ಕವಾದವು, ಕೆಲವು ಮನೆಗಳಲ್ಲಿ ನಿಂತೇಹೋದವು. ಆಗ ಜಗಲಿಯನ್ನು ಸಾಕಿದ್ದು ಬಂಟ್ವಾಳದ ಕಡೆ ಇದ್ದ ಅವರ ಕುಟುಂಬದ ಗದ್ದೆಯ ಅಕ್ಕಿ. ಅತ್ತಾವರದ ಮನೆಯೂ ಆ ಕುಟುಂಬದ್ದೇ. ಎಲ್ಲದಕ್ಕೂ ಯಜಮಾನ ಅವರ ತಮ್ಮ.

ದೊಡ್ಡಮ್ಮನ ಬಾಯಿ ಸಿಹಿ ಎಂದು ಯಾರೂ ಹೇಳುವಂತಿರಲಿಲ್ಲ. ಬೆಳಿಗ್ಗೆ ಎದ್ದವರೇ ಜಗಲಿಗೆ ಬಂದು, "ಎಲ್ಲ ಇದ್ದೀರಾ, ಯಾರಾದ್ರೂ ಹೋದ್ರಾ?" ಎಂದು ಕೇಳುತ್ತಿದ್ದರು. ಕಣ್ಣು ಕಾಣುವವರು ಅಕ್ಕಿಯ ಕಲ್ಲು ಆರಿಸಬೇಕು, ಕಾಣದವರು ತೆಂಗಿನ ಗರಿಯ ಹಿಡಿಸೂಡಿ ಪೊರಕೆ ಕಟ್ಟಬೇಕು. ಏನೂ ಆಗದವರು ಒಣಹಾಕಿದ ಹಪ್ಪಳದ ಹತ್ತಿರ ಕೂತು ಕಾಗೆಗೆ ಹುಶ್ ಎನ್ನಬೇಕು. ಗಂಜಿಯ ಜೊತೆ ಒಣಮೀನಿನ ಚಟ್ನಿ ಇಲ್ಲವೆಂದು ಯಾರಾದರೂ ಮುಖ ಊದಿಸಿದರೆ, "ನಿಮ್ಮ ಅಳಿಯನ ಮನೆಯಲ್ಲಿ ಉಂಟಂತೆ, ಹೋಗಿ ಕೇಳಿ," ಎನ್ನುತ್ತಿದ್ದರು. ನನಗೆ ಆ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು.

ಅಲ್ಲಿದ್ದವರೆಲ್ಲ ಗಂಡಸರೇ. ಮುದುಕಿಯರು ಯಾಕಿಲ್ಲ ಎಂದು ಒಮ್ಮೆ ಕೇಳಿದೆ.

"ಹೆಂಗಸಿಗೆ ಮನೆ ಉಂಟಲ್ಲ ಮಗಾ. ಗಂಡಸು ಎಲ್ಲಿಯವ, ಹೇಳು ನೋಡುವ?"

ನಾನೂ ಆ ಜನವೇ ಆದ್ದರಿಂದ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮದು ಅಳಿಯಕಟ್ಟು. ಮನೆ, ಗದ್ದೆ, ಹೆಸರು ಎಲ್ಲವೂ ತಾಯಿಯಿಂದ ಮಗಳಿಗೆ ಹರಿಯುವಂಥದ್ದು. ಗಂಡಸು ಹೆಂಡತಿಯ ಮನೆಯಲ್ಲಿ ನಲವತ್ತು ವರ್ಷ ಗೇಯ್ದರೂ ಅಲ್ಲಿ ನೆಂಟ. ಹುಟ್ಟಿದ ಮಕ್ಕಳೂ ಹೆಂಡತಿಯ ಕುಟುಂಬಕ್ಕೆ ಸೇರಿದವರು. ಹೆಂಡತಿ ತೀರಿಕೊಂಡರೆ ಅವನು ತನ್ನ ತಾಯಿಮನೆಗೆ ಹಿಂದಿರುಗಬೇಕು. ಅಲ್ಲಿ ಅಕ್ಕತಂಗಿಯರು ಬದುಕಿದ್ದರೆ ಸರಿ. ಇಲ್ಲದಿದ್ದರೆ ಯಜಮಾನನಾಗಿ ಕೂತ ಅಳಿಯ, ಅಂದರೆ ಅಕ್ಕತಂಗಿಯ ಮಗ, ಇಷ್ಟು ವರ್ಷ ಎಲ್ಲಿದ್ದಿರಿ ಮಾವ ಎಂದು ಕೇಳುತ್ತಾನೆ. ಹಾಗೆ ಎರಡು ಮನೆಗಳ ನಡುವೆ ಬಿದ್ದವರೇ ದೊಡ್ಡಮ್ಮನ ಜಗಲಿಯ ಮುದುಕರು.

ಅವರಲ್ಲಿ ಒಬ್ಬರು ನನ್ನ ಅಪ್ಪ.

ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಅಪ್ಪನಿಗೆ ಬಡಿಸುವ ಕೈಗಳು ನಿಧಾನವಾದವು. ಸೋದರಮಾವ ಒಂದು ಕೆಟ್ಟ ಮಾತು ಆಡಲಿಲ್ಲ, ಸುಮ್ಮನೆ ಮಾತು ಬಿಟ್ಟರು. ಅಪ್ಪ ಬಟ್ಟೆ ಗಂಟು ಕಟ್ಟಿಕೊಂಡು ಬಜಪೆಯ ಆಚೆ ಇದ್ದ ತಮ್ಮ ಹುಟ್ಟುಮನೆಗೆ ಹೋದರು. ಅಲ್ಲಿ ಅಕ್ಕ ತೀರಿಹೋಗಿದ್ದರು. ಅಕ್ಕನ ಮಗ ದನದ ಹಟ್ಟಿಯ ಪಕ್ಕದ ಕೋಣೆ ತೋರಿಸಿದ. ಮಳೆಗಾಲದಲ್ಲಿ ಅಲ್ಲಿ ಕಫ ಕಟ್ಟಿ ಅಪ್ಪ ಮಂಗಳೂರಿನ ಆಸ್ಪತ್ರೆ ಸೇರಿದರು. ನಾನಾಗ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರು, ಬಿಜೈಯಲ್ಲಿ ಇನ್ನಿಬ್ಬರು ಟೀಚರುಗಳ ಜೊತೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆ. ಅಲ್ಲಿಗೆ ಅಪ್ಪನನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ. ಕಂಪೌಂಡರ್ ಹೇಳಿದ ಮನೆಗೆ ಅವರ ಕೈಹಿಡಿದು ನಡೆಸಿಕೊಂಡು ಹೋದೆ. ದೊಡ್ಡಮ್ಮ ಅಪ್ಪನ ಮುಖ ನೋಡಲಿಲ್ಲ, ಕಾಲು ನೋಡಿದರು. "ಬಾತುಕೊಂಡಿದೆ. ಉಪ್ಪು ಕಮ್ಮಿ ಮಾಡ್ತೇನೆ. ಮಗಳಾ ನೀನು? ಆದಿತ್ಯವಾರ ಬಾ, ದಿನಾ ಬಂದು ಅಳ್ಬೇಡ," ಎಂದರು.

ಅಲ್ಲಿಗೆ ಹೋಗಿ ಬರುತ್ತಾ ನನಗೆ ಅವರ ಕಟ್ಟಳೆಯೊಂದು ತಿಳಿಯಿತು. ಜಗಲಿಯಲ್ಲಿ ಇರಬಹುದು, ಸಾಯುವುದಕ್ಕೆ ಮಾತ್ರ ಅವರವರ ಕುಟುಂಬದ ಮನೆಗೆ ಹೋಗಬೇಕು. ಸತ್ತವರಿಗೆ ಬೊಜ್ಜ, ಅಂದರೆ ಉತ್ತರಕ್ರಿಯೆ ಮಾಡಿ, ಹಿರಿಯರ ಸಾಲಿಗೆ ಸೇರಿಸಿ, ಅವರ ಹೆಸರಿನಲ್ಲಿ ಎಲೆ ಹಾಕಿ ಬಡಿಸುವ ಹಕ್ಕು ಕುಟುಂಬದವರದ್ದು. ಅದಾಗದಿದ್ದರೆ ಆ ಜೀವ ಕುಲೆಯಾಗಿ, ಪ್ರೇತವಾಗಿ ಅಲೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ದೊಡ್ಡಮ್ಮ ಹಿಡಿದದ್ದು ಆ ಎಳೆಯನ್ನೇ. "ಬದುಕಿದ ಮಾವ ಅವರಿಗೆ ಬೇಡ ಮಗಾ. ಸತ್ತ ಮಾವನ ಹೆದರಿಕೆ ಮಾತ್ರ ಬೇಕಾದಷ್ಟುಂಟು," ಎನ್ನುತ್ತಿದ್ದರು. ಯಾರಾದರೂ ಹಾಸಿಗೆ ಹಿಡಿದರೆ ಸಾಕು, ನಿಮ್ಮ ಮಾವನ ಉಸಿರು ಹೋಗ್ತಾ ಉಂಟು ಎಂದು ಅಳಿಯನಿಗೆ ಹೇಳಿಕಳಿಸುತ್ತಿದ್ದರು. ಅಳಿಯ ಗಾಡಿ ಕಟ್ಟಿಕೊಂಡು ಓಡಿ ಬರುತ್ತಿದ್ದ. ಬೇಕೆಂದೇ ಅವರು ಸ್ವಲ್ಪ ಮೊದಲೇ ಹೇಳಿಕಳಿಸುವುದು. ಸಾಯುವ ಮೊದಲು ನಾಲ್ಕು ದಿನವಾದರೂ ಮುದುಕ ಹುಟ್ಟಿದ ಮನೆಯ ಒಳಗೆ ಮಲಗಲಿ ಎಂಬ ಆಸೆ ಅವರದ್ದು.

ಅಪ್ಪನಿಗೂ ಅದೇ ಆಸೆ. ನನ್ನನ್ನು ಕಂಡಾಗಲೆಲ್ಲ ಒಂದೇ ಪ್ರಶ್ನೆ: "ಅಲ್ಲಿ ನನ್ನ ಅಜ್ಜ, ಮಾವಂದಿರು ಎಲ್ಲ ಇದ್ದಾರೆ. ನನ್ನನ್ನು ಅಲ್ಲಿಗೆ ಸೇರಿಸ್ತಾರಲ್ವಾ?" ಸೇರಿಸುತ್ತಾರೆ ಎನ್ನುತ್ತಿದ್ದೆ. ನಾನೇ ಮಾಡುತ್ತೇನೆ ಅಪ್ಪ ಎನ್ನಲು ನನಗೆ ಬಾಯಿ ಇರಲಿಲ್ಲ. ನಾನು ಅಮ್ಮನ ಕುಟುಂಬದವಳು, ಅವರ ಬೊಜ್ಜದಲ್ಲಿ ನಾನೂ ನೆಂಟಳೇ.

ಅಪ್ಪ ಜಗಲಿ ಸೇರಿದ ಮರುವರ್ಷದ ಮಳೆಗಾಲದಲ್ಲಿ ಮತ್ತೆ ಕಫ ಕಟ್ಟಿತು. ಈ ಸಲ ಅವರು ಗಂಜಿಯ ತಿಳಿಯನ್ನೂ ನುಂಗದಾದರು. ದೊಡ್ಡಮ್ಮ ಹೇಳಿಕಳಿಸಿದರು. ಅಳಿಯ ಬರಲಿಲ್ಲ. ಮತ್ತೆ ಹೇಳಿಕಳಿಸಿದರೂ ಬರಲಿಲ್ಲ. ಕೊನೆಗೆ ದೊಡ್ಡಮ್ಮನೇ ನನ್ನನ್ನು ಕರೆದುಕೊಂಡು ಇದ್ದಿಲ ಗ್ಯಾಸಿನ ಬಸ್ಸು ಹತ್ತಿ, ಹೊಳೆ ದಾಟಿ, ಕೆಸರಿನಲ್ಲಿ ನಡೆದು ಅವನ ಅಂಗಳಕ್ಕೆ ಹೋದರು. ಅವನು ಒಳ್ಳೆಯ ಮಾತಿನಲ್ಲೇ ಕೂರಿಸಿ ನೀರು, ಬೆಲ್ಲ ಕೊಡಿಸಿದ.

"ಅಲ್ಲ ದೊಡ್ಡಮ್ಮ, ಹೋದ ವರ್ಷ ಆಚೆ ಮನೆಯವರಿಗೂ ಹೀಗೇ ಹೇಳಿಕಳಿಸಿದ್ರಲ್ಲ, ಈಗ ಹೋಗ್ತಾರೆ, ಈಗ ಹೋಗ್ತಾರೆ ಅಂತ? ಅವರ ಮಾವ ಈಗ್ಲೂ ಗದ್ದೆಯ ಬದುವಿನಲ್ಲಿ ತಿರುಗ್ತಾ ಇದ್ದಾರೆ. ಎರಡು ಹೊತ್ತು ಉಣ್ತಾರೆ. ನಿಮ್ಮ ಹೇಳಿಕೆ ಬಂದ್ರೆ ಆಯುಸ್ಸು ಹೆಚ್ಚಾಗ್ತದೆ ಅಂತ ಇಲ್ಲೆಲ್ಲ ತಮಾಷೆ ಉಂಟು."

"ಇದು ಹಾಗಲ್ಲ. ನನ್ನ ಕಣ್ಣಾಣೆ."

"ಆಗ್ಲಿ. ಗದ್ದೆಯಲ್ಲಿ ನೇಜಿ ನೆಟ್ಟು ಮುಗೀಲಿ, ಬರ್ತೇನೆ."

ದೊಡ್ಡಮ್ಮ ಬೈಯಲಿಲ್ಲ. ಅವರು ಬೈಯದೆ ಎದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬಸ್ಸಿನಲ್ಲಿ ಬರುವಾಗ, "ನನ್ನ ಬಾಯಿಂದಲೇ ಹಾಳಾಯ್ತಲ್ಲ ಮಗಾ," ಎಂದರು. ಹೌದು, ಅವರ ಬಾಯಿಂದಲೇ. ನನಗೆ ಆ ಗಳಿಗೆಯಲ್ಲಿ ಅವರ ಮೇಲೆ ಅಳಿಯನ ಮೇಲಿಗಿಂತ ಹೆಚ್ಚು ಸಿಟ್ಟು ಬಂದಿತ್ತು.

ನೇಜಿ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಅಪ್ಪ ಜಗಲಿಯಲ್ಲೇ ತೀರಿಕೊಂಡರು. ಆ ಜಗಲಿಯಲ್ಲಿ ಹಾಗೆ ಹೋದವರಲ್ಲಿ ಅವರೇ ಮೊದಲಿಗರು. ಬಾಯಿಗೆ ನೀರು ಬಿಡಲು ದೊಡ್ಡಮ್ಮ ನನ್ನನ್ನೇ ಕೂರಿಸಿದರು. ಬಜಪೆಗೆ ಸುದ್ದಿ ಹೋಯಿತು. ಸಂಜೆಯವರೆಗೂ ಯಾರೂ ಬರಲಿಲ್ಲ. ಹಂಚಿನ ಕಾರ್ಖಾನೆಯವರು ಹೊತ್ತರು, ಅವರಲ್ಲೇ ಒಬ್ಬರು ಬೆಂಕಿ ಇಟ್ಟರು. ಅಳಿಯನ ಉತ್ತರ ಬಂದದ್ದು ಮರುದಿನ: ಬೇರೆಯವರ ಕೈಯಿಂದ ಬೆಂಕಿ ಆಯಿತಲ್ಲ, ಬೊಜ್ಜವನ್ನೂ ಅವರೇ ಮಾಡಲಿ. ನನ್ನ ಸೋದರಮಾವನ ಹತ್ತಿರ ಹೋಗಿ ಕಾಲು ಹಿಡಿದೆ. "ಅವರು ನಮ್ಮ ಕುಟುಂಬದವರಲ್ಲ ಮಗಾ, ನಾನು ಹೇಗೆ ಮಾಡುವುದು?" ಎಂದರು. ಅವರ ಮಾತಿನಲ್ಲೂ ತಪ್ಪು ಇರಲಿಲ್ಲ. ಯಾರ ಮಾತಿನಲ್ಲೂ ತಪ್ಪು ಇರಲಿಲ್ಲ, ನನ್ನ ಅಪ್ಪ ಮಾತ್ರ ಎಲ್ಲಿಯೂ ಸಲ್ಲದವರಾಗಿ ಹೋಗಿದ್ದರು.

ಆಗ ದೊಡ್ಡಮ್ಮ ಮಾಡಿದ್ದು ನಮ್ಮ ಜನ ಯಾರೂ ಮಾಡದ ಕೆಲಸ. ಅತ್ತಾವರದ ಮನೆಯಲ್ಲಿ ಅಪ್ಪನ ಬೊಜ್ಜ ಮಾಡಿಸಿ, ಅವರನ್ನು ತಮ್ಮ ಕುಟುಂಬದ ಹಿರಿಯರ ಸಾಲಿಗೇ ಸೇರಿಸಿಬಿಟ್ಟರು. ಬೇಡ ಎಂದವರಿಗೆ, "ನನ್ನ ಸುಳ್ಳಿನಿಂದ ಅವರ ದಾರಿ ಮುಚ್ಚಿತು. ನನ್ನ ಮನೆಯವರ ಜೊತೆ ಕೂತು ಉಣ್ಲಿ," ಎಂದರು. ಆ ದೀಪಾವಳಿಗೆ ಬಂಟ್ವಾಳದ ಮನೆಯಲ್ಲಿ ಹಿರಿಯರಿಗೆ ಎಲೆ ಹಾಕುವಾಗ ಅವರೇ ಕೈಯಾರೆ ಒಂದು ಎಲೆ ಹೆಚ್ಚು ಹಾಕಿದರು. ಯಾರದ್ದೆಂದು ತಮ್ಮ ಕೇಳಿದಾಗ ಹೇಳಿಯೂ ಬಿಟ್ಟರು.

ಅದಾದ ಮೇಲೆ ಆ ಮನೆಯಲ್ಲಿ ದೊಡ್ಡಮ್ಮನ ತಂಗಿಯ ಮಗುವಿಗೆ ಜ್ವರ ಬಂತು. ಮಕ್ಕಳಿಗೆ ಜ್ವರ ಬರುವುದು ಹೊಸತೇನಲ್ಲ, ಆದರೆ ಆ ಸಲ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಹೊರಗಿನ ಜೀವವೊಂದು ಒಳಗೆ ಬಂದು ಕೂತಿದೆ ಎಂದು ಕಂಡಿತಂತೆ. ಕಳಿಸುವ ದಾರಿ ಕೇಳಿದರೆ, ಕರೆದು ಕೂರಿಸಿದ ಮೇಲೆ ಅವನ ಸ್ವಂತ ಕುಟುಂಬದವರು ಬಂದು ಕರೆದುಕೊಂಡು ಹೋಗಬೇಕು, ಇಲ್ಲವಾದರೆ ನೀವೇ ಎಲೆ ಹಾಕುತ್ತಿರಬೇಕು, ತಪ್ಪಿಸಿದರೆ ಇನ್ನೂ ಕಷ್ಟ ಎಂದರಂತೆ ಜೋಯಿಸರು. ಅಳಿಯನನ್ನು ಕೇಳಿ ಪ್ರಯೋಜನವಿರಲಿಲ್ಲ. ಮಗುವಿನ ಜ್ವರ ಇಳಿಯಿತು. ತಮ್ಮನ ಹೆದರಿಕೆ ಇಳಿಯಲಿಲ್ಲ. ಜಗಲಿಯಲ್ಲಿ ಇನ್ನೂ ಐವರು ಮುದುಕರಿದ್ದಾರೆ, ಅಕ್ಕನ ಮಾತನ್ನು ಇನ್ನು ಯಾವ ಅಳಿಯನೂ ನಂಬುವುದಿಲ್ಲ, ಇವರೆಲ್ಲ ಸತ್ತರೆ ನಮ್ಮ ಒಳಗೆ ಐದು ಎಲೆ ಎಂಬುದು ಅವರ ಲೆಕ್ಕಾಚಾರ. ಅವರು ಅತ್ತಾವರಕ್ಕೆ ಬಂದದ್ದು ಒಂದು ಆದಿತ್ಯವಾರ. ನಾನೂ ಅಲ್ಲಿದ್ದೆ.

"ಅಕ್ಕ, ಇನ್ನು ಅಕ್ಕಿ ಬರುವುದಿಲ್ಲ. ಜಗಲಿ ಖಾಲಿ ಮಾಡಿಸು."

"ಎಲ್ಲಿಗೆ ಹೋಗ್ತಾರೆ ಮಾರಾಯ ಅವರು?"

"ಅದು ನಮಗೆ ಎಂತಕ್ಕೆ? ಬದುಕಿದವರು ಎಲ್ಲಿಯಾದ್ರೂ ಹೋಗ್ತಾರೆ."

ಇದನ್ನೆಲ್ಲ ಆ ಐವರೂ ಕೇಳಿಸಿಕೊಳ್ಳುತ್ತಾ ಕೂತಿದ್ದರು. ಒಬ್ಬರು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ. ಬೀದಿಯ ಮುಷ್ಟಿ ಅಕ್ಕಿಯೊಂದರಲ್ಲೇ ದೊಡ್ಡಮ್ಮ ಕೆಲವು ದಿನ ತೂಗಿಸಿದರು. ಗಂಜಿ ನೀರಾಗುತ್ತಾ ಬಂತು. ಆಮೇಲೆ ಆ ತಮ್ಮನೇ ಬಂದು ಜಗಲಿಗೆ ಹಲಗೆ ಬಡಿಸಿ, ಮನೆಯನ್ನು ಬಾಡಿಗೆಗೆ ಕೊಟ್ಟು, ಅಕ್ಕನನ್ನು ಬಂಟ್ವಾಳಕ್ಕೆ ಕರೆದುಕೊಂಡು ಹೋದರು. ಮುದುಕರಲ್ಲಿ ಒಬ್ಬರು ದೇವಸ್ಥಾನದ ಹೊರಗೆ ಕೂತದ್ದನ್ನು ನಾನು ಕಂಡಿದ್ದೇನೆ. ಒಬ್ಬರನ್ನು ಆಸ್ಪತ್ರೆಯ ಗೇಟಿನ ಹತ್ತಿರ ಕಂಡೆ. ನನ್ನನ್ನು ನೋಡಿ ಅವರು ಮುಖ ತಿರುಗಿಸಿದರು. ತಪ್ಪೆನ್ನಲಾರೆ, ನನ್ನಪ್ಪನ ಒಂದು ಎಲೆಗಾಗಿ ಅವರ ಚಾಪೆ ಹೋಗಿತ್ತು.

ದೊಡ್ಡಮ್ಮನಿಗೆ ಒಂದು ಕಡೆಯ ಕೈಕಾಲು ಬಿದ್ದುಹೋಗಿದೆ ಎಂದು ತಿಳಿದು ನೋಡಲು ಹೋದೆ. ಒಳಕೋಣೆಯಲ್ಲಿ, ಶುಭ್ರವಾದ ಹಾಸಿಗೆಯ ಮೇಲೆ, ಎಲ್ಲ ಉಪಚಾರದ ನಡುವೆ ಮಲಗಿದ್ದರು. ಹೆಂಗಸಿಗೆ ಮನೆ ಇರುತ್ತದಲ್ಲ. ಮಾತು ತೊದಲುತ್ತಿತ್ತು. ಬಹಳ ದಿನದಿಂದ ಎದೆಯಲ್ಲಿದ್ದುದನ್ನು ಕೇಳಿದೆ, ನನ್ನಪ್ಪನಿಗೆ ಎಲೆ ಹಾಕದೆ ಇದ್ದಿದ್ದರೆ ಒಳ್ಳೆಯದಿತ್ತೇ ದೊಡ್ಡಮ್ಮ, ಎಂದು.



"ಆ ಐದು ಜನ ಈಗ ಎಲ್ಲಿದ್ದಾರೆ ಅಂತ ನನಗೆ ಗೊತ್ತಿಲ್ಲ ಮಗಾ," ಎಂದರು. "ನಿನ್ನ ಅಪ್ಪ ಎಲ್ಲಿದ್ದಾರೆ ಅಂತ ಗೊತ್ತುಂಟು."

ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡರು. ನನಗೆ ಸಮಾಧಾನವಾಗಲಿ ಎಂದು ಹೇಳಿದರೋ, ತಮ್ಮ ಸಂಕಟವನ್ನು ಹೇಳಿಕೊಂಡರೋ, ನನಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ. ಬೊಜ್ಜಕ್ಕೆ ಯಾರೂ ನನ್ನನ್ನು ಕರೆಯಲಿಲ್ಲ, ನಾನೇ ಹೋದೆ. ಒಳಗೆ ಹಿರಿಯರ ಎಲೆಗಳಿಗೆ ಬಡಿಸುತ್ತಿದ್ದರು. ಬಡಿಸಿ ಬಾಗಿಲು ಮುಚ್ಚಿ, ಹಿರಿಯರು ಉಣ್ಣುವವರೆಗೆ ಎಲ್ಲರೂ ಹೊರಗೆ ಕಾಯಬೇಕು. ಅಂಗಳದ ಬದಿಯಲ್ಲಿ ನಿಂತಿದ್ದ ನನ್ನನ್ನು ದೊಡ್ಡಮ್ಮನ ತಮ್ಮ ಕಂಡರು. ಹೋಗು ಎನ್ನುತ್ತಾರೆ ಎಂದುಕೊಂಡೆ. ಕೈಯಲ್ಲಿ ಸೌಟು ಹಿಡಿದುಕೊಂಡೇ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ, "ನಿಮ್ಮ ಅಪ್ಪನಿಗೆ ಎಂತ ಇಷ್ಟ ಇತ್ತು? ಅಕ್ಕ ಇದ್ದಾಗ ಅವಳೇ ಬಡಿಸ್ತಿದ್ದಳು. ನನಗೆ ಗೊತ್ತಿಲ್ಲ. ಕಮ್ಮಿ ಆಗ್ಬಾರ್ದು," ಎಂದರು.

ಬಂಗುಡೆ ಮೀನಿನ ಗಸಿ ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು. ಆ ಐವರಿಗೆ ಏನು ಇಷ್ಟವಿತ್ತೆಂದು ನನಗೂ ಗೊತ್ತಿರಲಿಲ್ಲ. ಅವರಲ್ಲಿ ಒಬ್ಬರಿಗಾದರೂ ಎಲ್ಲಾದರೂ ಒಂದು ಎಲೆ ಬಿತ್ತೇ ಎಂಬುದು ಇವತ್ತಿಗೂ ಗೊತ್ತಿಲ್ಲ.