ಅತ್ತಿಗೆಯ ಹೊಲದಲ್ಲಿ ಸನ್ಮಾನ

ರೈತರನ್ನು ಗೌರವಿಸಲು ಹೊರಟವರು ಮೊದಲು ಅವರ ಕೆಲಸಕ್ಕೆ ಅಡ್ಡ ಬರದಿದ್ದರೆ ಸಾಕು. ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಆ ಹೆಂಗಸಿನ ಹೊಲದಲ್ಲಿ ನಡೆದದ್ದನ್ನು ನೋಡಿದ ಮೇಲೆ ತಣ್ಣಗೆ ಬರೆಯಲು ನನ್ನಿಂದಾಗದು.

ಊರಿಗೆಲ್ಲ ಅವರು ಅತ್ತಿಗೆ. ಮೈದುನ ಕರೆದದ್ದನ್ನು ಹಾಲಿನವನು ಕರೆದ, ಹಾಲಿನವನು ಕರೆದದ್ದನ್ನು ಊರು ಕರೆಯಿತು. ಗಂಡ ಲಾರಿ ಓಡಿಸುತ್ತಾನೆ; ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಾನೆ. ಬಿತ್ತುವುದು, ನೀರು ಹಾಯಿಸುವುದು, ರಾತ್ರಿ ಕಾಡುಹಂದಿ ನುಗ್ಗದಂತೆ ಕಾಯುವುದು ಎಲ್ಲ ಅತ್ತಿಗೆಯದೇ. ಗೊಬ್ಬರದ ಅಂಗಡಿಯವನು ಮಾತ್ರ ಇವತ್ತಿಗೂ "ಯಜಮಾನರು ಬರ್ಲಿಲ್ವಾ?" ಎನ್ನುತ್ತಾನೆ. "ಎದುರಿಗೇ ನಿಂತಿದ್ದಾರಲ್ಲ, ಕಣ್ಣು ಎಲ್ಲಿಟ್ಟಿದ್ದೀರಿ?" ಎಂದು ಅತ್ತಿಗೆ ಚೀಲ ಎತ್ತಿಸುತ್ತಾರೆ.

ಈ ಸಲ ಗೋಧಿ ಚೆನ್ನಾಗಿ ಮಾಗಿತ್ತು. ಕೊಯ್ಲಿನ ಮಷೀನು ಸುತ್ತಮುತ್ತಲಿಗೆಲ್ಲ ಒಂದೇ. ಅದು ಹೊಲದಿಂದ ಹೊಲಕ್ಕೆ ಸಾಲಾಗಿ ಬರುತ್ತದೆ. ಸರದಿ ಬಿಟ್ಟವರು ಸಾಲಿನ ಕೊನೆಗೆ ಹೋಗಬೇಕು. ಯಾರಿಗೂ ರಿಯಾಯಿತಿ ಇಲ್ಲ. ತಮ್ಮ ಸರದಿಯ ಬೆಳಿಗ್ಗೆ ಅತ್ತಿಗೆ ಖಾಲಿ ಚೀಲಗಳನ್ನು ಹೊತ್ತು ಬಂದರೆ, ಮಷೀನು ಬದುವಿನಾಚೆ ಪಕ್ಕದವರ ಹೊಲದಲ್ಲಿ ಗುರ್ರೆನ್ನುತ್ತಿದೆ.

"ಏನಣ್ಣಾ, ದಾರಿ ತಪ್ಪಿತಾ?" ಎಂದು ಕೂಗಿದರು.

"ನಿಮ್ಮ ಮೈದುನಾನೇ ಬೇಡ ಅಂದ್ರಲ್ಲ ಅಕ್ಕಾ!" ಎಂದ ಡ್ರೈವರ್. "ಇನ್ನು ಸಾಲೆಲ್ಲಾ ಮುಗಿಸ್ಕೊಂಡೇ ಈ ಕಡೆ ಬರೋದು."

ಆದದ್ದಿಷ್ಟು. ಪೇಟೆಯ ಸಂಘವೊಂದು ಅದೇ ದಿನ ರೈತರಿಗೆ ಸನ್ಮಾನ ಇಟ್ಟುಕೊಂಡಿತ್ತು. ಹೊಲದಲ್ಲೇ ಆಗಬೇಕು, ಹಿಂದೆ ಗೋಧಿ ನಿಂತಿರಬೇಕು, ಆಗಲೇ ಫೋಟೋಗೆ ಕಳೆ! ಸಂಘದ ಕಾರ್ಯದರ್ಶಿ ಕೇಳಿದ್ದ; ಮೈದುನ ಅತ್ತಿಗೆಯನ್ನು ಕೇಳದೆಯೇ ಹೂಂ ಅಂದು ಸರದಿ ಬಿಟ್ಟುಕೊಟ್ಟಿದ್ದ.

"ದೊಡ್ಡೋರು ಮನೆ ಬಾಗಿಲಿಗೆ ಬಂದು ಕೇಳಿದ್ರು ಅತ್ತಿಗೆ. ಬೋಳು ಹೊಲ ತೋರ್ಸೋಕಾಗುತ್ತಾ?"

"ಮೇಲೆ ನೋಡು. ಆ ಮೋಡ ಯಾರನ್ನ ಕೇಳ್ಕೊಂಡು ಬಂದಿದೆ?"

ಮೈದುನ ತಲೆ ಕೆರೆದುಕೊಂಡ.

"ತಲೆ ಆಮೇಲೆ ಕೆರ್ಕೊ. ಕುಡುಗೋಲು ತಗೋ."

ಅತ್ತಿಗೆ, ಮೈದುನ, ಮುದಿ ಅತ್ತೆ ಮೂವರೂ ಕೊಯ್ಲಿಗೆ ಇಳಿದರು. ಅತ್ತೆ ಕಟ್ಟು ಕಟ್ಟುತ್ತಾ ಗೊಣಗಿದರು: "ಹೂಂ ಅನ್ನೋ ಬುದ್ಧಿ ಇವನಿಗೆ ಅವರಪ್ಪಂದು ಕಣೇ. ಆ ಮನುಷ್ಯ ಯೋಚ್ನೆ ಮಾಡಿದ್ರೆ ನನ್ನ ಕಟ್ಕೋತಿದ್ನಾ?" ಅತ್ತಿಗೆಗೆ ಆ ದಿನ ಬಂದದ್ದು ಅದೊಂದೇ ನಗು.

ಹೊಲದಂಚಿನಲ್ಲಿ ಟಾರ್ಪಾಲಿನ ಪೆಂಡಾಲು ಎದ್ದಿತು. ಕುರ್ಚಿ, ಮೈಕು ಬಂದವು. ಬಿಸಿಲೆಲ್ಲ ಹೋಗಿ ಮೋಡ ಕವಿದ ಮೇಲೆ ಮುಖ್ಯ ಅತಿಥಿಗಳು ಕಾರಿನಿಂದ ಇಳಿದರು. ಕೊಯ್ಯುತ್ತಿದ್ದವರನ್ನು ಕಂಡು ಅವರ ಕಣ್ಣರಳಿತು. "ಆಹಾ, ಇನ್ನೂ ಕೈಯಲ್ಲೇ ಕೊಯ್ತಾರೆ! ಎಂಥ ನಿಷ್ಠೆ!" ನಿಷ್ಠೆಯಂತೆ! ಮಷೀನನ್ನು ತಪ್ಪಿಸಿದವರೇ ನೀವಲ್ಲವೇ ಸ್ವಾಮಿ?

ಅವರು ಅತ್ತಿಗೆಯ ಕುಡುಗೋಲನ್ನೇ ಇಸಿದುಕೊಂಡು ಕ್ಯಾಮೆರಾಕ್ಕೆ ನಿಂತರು.

"ಅಮ್ಮಾ, ನೀವೂ ಸ್ವಲ್ಪ ನಗಿ" ಎಂದ ಫೋಟೋದವನು.

"ಮೊದಲು ಕುಡುಗೋಲು ಕೊಡ್ಸಪ್ಪಾ. ನಗೋದು ರಾಶಿ ಆದ್ಮೇಲೆ."

ವೇದಿಕೆಗೆ ಕರೆದದ್ದು ಮೈದುನನನ್ನು. ಉತ್ತಿದ್ದು ಯಾರು, ಬಿತ್ತಿದ್ದು ಯಾರು ಎಂದು ಒಬ್ಬನೂ ವಿಚಾರಿಸಲಿಲ್ಲ. ಮನೆಯಲ್ಲಿ ಗಂಡಸು ಸಿಕ್ಕಿದ, ಅವನ ಕೈಗೆ ಫಲಕ ಕೊಟ್ಟರು. ರೈತರ ಬೆವರಿನ ಪ್ರತಿ ಹನಿಯೂ ಮುತ್ತು ಎಂದು ಅತಿಥಿಗಳು ಶುರು ಮಾಡುವಷ್ಟರಲ್ಲಿ ನಿಜವಾದ ಹನಿಗಳೇ ಬಿದ್ದವು.

ಕೊಯ್ದ ಕಟ್ಟುಗಳೆಲ್ಲ ಬಯಲಿನಲ್ಲಿದ್ದವು. ಅತ್ತಿಗೆ ಓಡಿಬಂದು ಪೆಂಡಾಲಿನ ಹಗ್ಗ ಬಿಚ್ಚತೊಡಗಿದರು.

"ಏನಮ್ಮಾ ಇದು? ಸಾಹೇಬ್ರು ಮಾತಾಡ್ತಿದ್ದಾರೆ!" ಎಂದು ಕಾರ್ಯದರ್ಶಿ ಹಾರಿಬಿದ್ದ.

"ಮಾತಾಡ್ಲಿ. ಮಾತು ಒದ್ದೆಯಾದ್ರೆ ಮೊಳಕೆ ಒಡೆಯಲ್ಲ. ಕಾಳು ಒಡೆಯುತ್ತೆ."

ಒಂದು ಕಡೆಯ ಹಗ್ಗ ಬಿಚ್ಚಿತು. ಇನ್ನೊಂದು ಕಡೆಯದು ವೇದಿಕೆಯ ಕಂಬದಲ್ಲಿತ್ತು. ಅತ್ತಿಗೆ ಮೈದುನನನ್ನು ನೋಡಿದರು. ಅವನು ಅತಿಥಿಗಳ ಮುಖ ನೋಡಿದ, ಮಳೆ ನೋಡಿದ, ಫಲಕವನ್ನು ಕುರ್ಚಿಯ ಮೇಲಿಟ್ಟು ಗಂಟಿಗೆ ಕೈ ಹಾಕಿದ. ಟಾರ್ಪಾಲು ಧೊಪ್ಪನೆ ಕುಸಿಯಿತು. ಸಭೆ ಚೆಲ್ಲಾಪಿಲ್ಲಿಯಾಗಿ ಕಾರುಗಳೊಳಗೆ ನುಗ್ಗಿತು. ಅಷ್ಟು ಜನ ಒಂದೊಂದು ಕಟ್ಟು ಹೊತ್ತಿದ್ದರೆ! ಹೊತ್ತವರು ಮಾತ್ರ ಆ ಮೂವರೇ.

ಕೊಯ್ದದ್ದು ಟಾರ್ಪಾಲಿನಡಿ ಉಳಿಯಿತು. ಫೋಟೋಗೆಂದು ನಿಂತ ಗೋಧಿ ಕೆಸರಿಗೆ ಒರಗಿತು.

ಮರುದಿನ ಕಾರ್ಯದರ್ಶಿ ಬಂದ. ಒರಗಿದ ಪೈರು ನೋಡಲಿಕ್ಕಲ್ಲ, ಟಾರ್ಪಾಲು ಕೇಳಲಿಕ್ಕೆ. ಆಕಾಶ ಇನ್ನೂ ತಿಳಿಯಾಗಿರಲಿಲ್ಲ, ಕಟ್ಟುಗಳು ಟಾರ್ಪಾಲಿನಡಿಯಲ್ಲೇ ಇದ್ದವು.

"ಅರ್ಜೆಂಟ್ ಇದೆಯಮ್ಮಾ. ಇನ್ನೊಂದೂರಲ್ಲಿ ಕಾರ್ಯಕ್ರಮ. ಅಲ್ಲೂ ರೈತರಿಗೇ ಸನ್ಮಾನ."

"ಅವರ ಗೋಧಿ ಕೊಯ್ದಾಯ್ತಾ?"

"ಎಲ್ಲಿಯಮ್ಮಾ! ಫೋಟೋಗೆ ನಿಂತಿರ್ಬೇಕಲ್ಲ."

"ಹಾಗಾದ್ರೆ ಕೊಡಲ್ಲ" ಎಂದು ಅತ್ತಿಗೆ ಕೆಸರಿನಲ್ಲಿ ಬಗ್ಗಿ, ಬಿದ್ದ ತೆನೆಗಳನ್ನು ಹಿಡಿಹಿಡಿಯಾಗಿ ಎತ್ತತೊಡಗಿದರು.